ಉಪವಾಸದ ಹನ್ನೊಂದು ಮಂದಿ

ಮೊದಲ ಮಳೆ ಬಿದ್ದು ಜಹೀರಾಬಾದ್ ಸ್ಟೇಷನ್ನಿನ ಹಿಂದಿನ ಬಯಲಲ್ಲಿ ಹುಲ್ಲು ಚಿಗುರಿದರೆ ಊರಿಗೆಲ್ಲ ಬಿತ್ತನೆಯ ಚಿಂತೆ, ನನಗೊಬ್ಬನಿಗೆ ಫುಟ್‌ಬಾಲಿನ ಚಿಂತೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ನಮ್ಮಪ್ಪನದು ತೊಗರಿ, ಹೆಸರುಬೇಳೆಯ ಅಡತಿ ಅಂಗಡಿ. ಇಪ್ಪತ್ತೆರಡರ ನಾನು ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ತಲೆಯಾಡಿಸುತ್ತ, ಒಳಗೊಳಗೇ ಹನ್ನೊಂದು ಜನರನ್ನು ಬಯಲಲ್ಲಿ ನಿಲ್ಲಿಸಿ ನೋಡುತ್ತಿದ್ದೆ. ನಾನು ಆಡಿದವನಲ್ಲ. ಚಿಕ್ಕಂದಿನಲ್ಲಿ ಗಾಡಿಯಿಂದ ಬಿದ್ದು ಎಡಗಾಲು ಸೊಟ್ಟಗಾಗಿತ್ತು. ಆಡಲಾಗದವನಿಗೆ ಆಡುವವರ ಮೇಲೆ ಬರುವ ಸಿಟ್ಟು ಬೇರೆಯದೇ ಜಾತಿಯದು. ಅದು ನನ್ನಲ್ಲಿ ಬೇಕಾದಷ್ಟಿತ್ತು.

ಆ ವರ್ಷವಂತೂ ನನಗೆ ಸಾಸಿವೆಯಷ್ಟೂ ಆಸೆ ಇರಲಿಲ್ಲ. ನಮ್ಮ ಬಲಗಡೆಯ ಬ್ಯಾಕ್ ಪೊಲೀಸ್ ಜವಾನನಾಗಿದ್ದ, ಅವನಿಗೆ ಬೀದರಿಗೆ ತಬಾದಲಾ ಆಗಿತ್ತು. ನಡುವೆ ನಿಂತು ಆಟ ಹಂಚುತ್ತಿದ್ದವನು ಮದುವೆಯಾಗಿ ಹೆಂಡತಿಯ ಊರಲ್ಲೇ ಉಳಿದುಬಿಟ್ಟ. ಎಡಗಡೆಯ ಬ್ಯಾಕ್ ಆಗಿ ಉಳಿದವನು ಎದುರಾಳಿ ಬಂದರೆ ಬದಿಗೆ ಸರಿದು ದಾರಿ ಬಿಡುವಷ್ಟು ಸಭ್ಯಸ್ಥ. ಮುಂದೆ ಆಡುತ್ತಿದ್ದ ನನ್ನ ಚಿಕ್ಕಪ್ಪನ ಮಗನಿಗೆ ಕಾಲು ಕುದುರೆಯದು, ಆದರೆ ಓಡುವ ಭರದಲ್ಲಿ ಚೆಂಡನ್ನು ಹಿಂದೆಯೇ ಮರೆತುಹೋಗುವ ಅಭ್ಯಾಸ. ಮೊದಲ ಆಟ ತಾಂಡೂರಿನಲ್ಲಿ. ಅಲ್ಲಿಯವರು ಕಲ್ಲಿನ ಖಣಿಯಲ್ಲಿ ದುಡಿಯುವ ಗಟ್ಟಿ ಆಳುಗಳು, ನಮ್ಮವರನ್ನು ಭುಜದಿಂದ ತಟ್ಟಿದರೆ ಸಾಕು. ಎರಡನೆಯದು ನಮ್ಮಲ್ಲೇ, ನಾರಾಯಣಖೇಡದವರ ಮೇಲೆ. ಎರಡನ್ನೂ ಸೋಲುತ್ತೇವೆ ಎಂದು ಸಂಜೆ ಚಹಾದಂಗಡಿಯಲ್ಲಿ ಯಾರು ಕೇಳಲಿ ಬಿಡಲಿ ಹೇಳುತ್ತಿದ್ದೆ. ಹಾಗೆ ಹೇಳುವುದರಲ್ಲಿ ಒಂದು ಕೆಟ್ಟ ಸುಖವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಈ ಕೆಟ್ಟ ಬಾಯಿಗೆ ಸಿಗದೆ ಉಳಿದವನು ಒಬ್ಬನೇ, ನಮ್ಮ ಗೋಲ್‌ಕೀಪರ್. ಅವನು ನನ್ನ ಗೆಳೆಯ, ನಮ್ಮ ಅಂಗಡಿಯ ಹಿಂದಿನ ಓಣಿಯ ಟಾಂಗಾದವರ ಮನೆಯವನು. ತಂದೆ ಇರಲಿಲ್ಲ. ತಾಯಿ ಮತ್ತು ಮದುವೆಯ ವಯಸ್ಸಿಗೆ ಬಂದ ಇಬ್ಬರು ತಂಗಿಯರು. ಟಾಂಗಾ ಅವನ ಕಾಕಾನದು. ಊರಿನ ಒಂದು ಸರ್ಕಾರಿ ದಫ್ತರಿನ ಸಾಹೇಬರಿಗೆ ಫುಟ್‌ಬಾಲಿನ ಹುಚ್ಚು. ಅವರು ಇವನ ಆಟ ನೋಡಿ ಚಪರಾಸಿಯಾಗಿ ಇಟ್ಟುಕೊಂಡಿದ್ದರು. ಆದರೆ ಅದು ಕಚ್ಚಾ ನೌಕರಿ. ಸಾಹೇಬರು ನೇರ ಮಾತಿನವರು. "ತಾಂಡೂರಿನಲ್ಲಿ ಸೋಲದೆ ಬಾ, ನಿನ್ನ ಹೆಸರು ಹೈದರಾಬಾದಿಗೆ ಕಳಿಸಿ ಪಕ್ಕಾ ಮಾಡಿಸುತ್ತೇನೆ. ಸೋತರೆ ನಾರಾಯಣಖೇಡದ ಗೋಲ್‌ಕೀಪರ್ ನನ್ನ ಕಣ್ಣಲ್ಲಿದ್ದಾನೆ," ಎಂದು ಎಲ್ಲರೆದುರಿಗೇ ಉರ್ದುವಿನಲ್ಲಿ ಹೇಳಿದ್ದರು. ಗೆಲ್ಲುವುದೂ ಬೇಡ, ಸೋಲದಿದ್ದರೆ ಸಾಕಿತ್ತು.

ಆಮೇಲೆ ತಿಥಿ ನೋಡಿದೆ. ಆ ವರ್ಷ ರಮಜಾನ್ ಮತ್ತು ಶ್ರಾವಣ ಒಂದೇ ಅಮಾವಾಸ್ಯೆಯ ಬೆನ್ನಿಗೆ ಶುರುವಾಗಿದ್ದವು. ಟೀಮಿನಲ್ಲಿ ಆರು ಜನ ಮುಸಲ್ಮಾನರು, ಐದು ಜನ ನಮ್ಮವರು, ಲಿಂಗವಂತರು. ಆರು ಜನರಿಗೆ ದಿನವೂ ರೋಜಾ. ನಮ್ಮ ಐವರಿಗೆ ಶ್ರಾವಣದ ಸೋಮವಾರ ಸಂಜೆ ಪೂಜೆಯಾಗುವವರೆಗೆ ಉಪವಾಸ. ತಾಂಡೂರಿನವರು ಆಟ ಇಟ್ಟದ್ದು ಸೋಮವಾರ, ಯಾಕೆಂದರೆ ಅಂದು ಖಣಿಗೆ ರಜೆ. ಬೇರೆ ದಿನ ಆಗದು ಎಂದು ಉತ್ತರ ಬಂತು. ನಾನು ಹಣೆ ಚಚ್ಚಿಕೊಂಡೆ.

ಆದರೆ ಗೆಳೆಯ ಶನಿವಾರ ಅಂಗಡಿಗೆ ಬಂದು ತೊಗರಿ ಚೀಲದ ಮೇಲೆ ಕೂತು ದನಿ ಇಳಿಸಿ ಹೇಳಿದ: "ಮೌಲ್ವಿಸಾಬರಿಗ ಕೇಳ್ದೆ. ಮುಸಾಫಿರಗ ರೋಜಾದಾಗ ರಿಯಾಯತಿ ಅದಂತ. ಆಮ್ಯಾಗ ಒಂದಿನ ಹಿಡದು ತೀರಿಸಿದ್ರ ಆತು. ನಾವ್ ಆರೂ ಮಂದಿ ವಿಕಾರಾಬಾದದಾಗ ಉಣ್ತೀವಿ."

ನನಗೆ ಅವನನ್ನು ಎತ್ತಿ ಕುಣಿಸಬೇಕೆನಿಸಿತು. ಅವನು ಕೈ ಅಡ್ಡ ಮಾಡಿದ. "ನಿಮ್ಮವರಿಗಿ ಹೇಳಬ್ಯಾಡ, ನನ್ನ ಕಸಮ್ ಅದ. ಅವರದು ಶ್ರಾವಣ ಸೋಮವಾರ. ನಾವು ಉಣ್ಣಾಕ ತಯಾರಾಗಿ ಬಂದೀವಿ ಅಂತ ತಿಳದ್ರ ಅವರಿಗಿ ಹ್ಯಾಂಗ ಕಾಣ್ತದ? ಹಾದ್ಯಾಗ ಅವರ ಮಾರಿ ನೋಡ್ಕೊಂಡು ಊಟಕ್ಕ ಕೂಡ್ತೀವಿ."

ಮರುದಿನ ಚಿಕ್ಕಪ್ಪನ ಮಗ ಬಂದ. ಅವನದೂ ಗುಟ್ಟಿನ ಮಾತೇ. "ಅಣ್ಣಾ, ಮಠದ ಅಯ್ಯನವರಿಗಿ ಕೇಳೀವಿ. ಮುಂಜಾನಿ ಲಿಂಗಪೂಜಿ ಮುಗಿಸಿ ಪ್ರಸಾದಂತ ಉಂಡ್ರ ನಡೀತದ ಅಂದ್ರು. ಅವ್ವ ರೊಟ್ಟಿ ಕಟ್ಟಿ ಕೊಡ್ತಾಳ. ಆದ್ರ ನೀ ಯಾರಿಗೂ ಅನಬ್ಯಾಡ. ಅವರು ನೀರಿಲ್ದ ರೋಜಾ ಹಿಡದಿರ್ತಾರ, ನಾವು ಅಯ್ಯನವರ ಕಡಿಂದ ಮಾಫಿ ತಗೊಂಡು ಬಂದೀವಿ ಅಂದ್ರ ಮಾರಿ ಎಲ್ಲಿ ಇಡೋದು? ಅವರು ಉಣ್ರಿ ಅಂತ ಒತ್ತಾಯ ಮಾಡಿದ್ರ ಉಣ್ತೀವಿ."

ನಾನು ಅವನಿಗೂ ಮಾತು ಕೊಟ್ಟೆ. ಎರಡೂ ಕಡೆಯ ಗುಟ್ಟು ನನ್ನ ಹೊಟ್ಟೆಯಲ್ಲಿತ್ತು. ಎಲ್ಲರೂ ಉಣ್ಣಲು ತಯಾರಿರುವಾಗ ಉಣ್ಣದೆ ಎಲ್ಲಿ ಹೋಗುತ್ತಾರೆ ಎಂದುಕೊಂಡೆ. ಆ ರಾತ್ರಿ ನನ್ನ ಜೀವನದಲ್ಲಿ ಮೊದಲ ಬಾರಿಗೆ ನಮ್ಮ ಟೀಮಿನ ಬಗ್ಗೆ ಒಳ್ಳೆಯದನ್ನು ಯೋಚಿಸಿ ಮಲಗಿದೆ.

ಸೋಮವಾರ ಬೆಳಗಿನ ಗಾಡಿಗೆ ಹತ್ತಿದೆವು. ಸಾಹೇಬರು ಮೇಲಿನ ದರ್ಜೆಯ ಡಬ್ಬಿಯಲ್ಲಿ, ನಾವು ಕೆಳಗಿನದರಲ್ಲಿ. ಗೆಳೆಯ ನನ್ನ ಪಕ್ಕ ಕೂತು, ದಾರಿಯಲ್ಲಿ ಉಣ್ಣುವುದಿದೆಯಲ್ಲ ಎಂದು ನಸುಕಿನ ಸಹರಿ ಊಟಕ್ಕೂ ಏಳದೆ ನಿದ್ದೆ ಮಾಡಿದೆ ಎಂದು ಕಿವಿಯಲ್ಲಿ ಹೇಳಿ ನಕ್ಕ. ಹಿಂದಿನ ಸಂಜೆಯ ಊಟವೇ ಅವನ ಹೊಟ್ಟೆಯಲ್ಲಿದ್ದದ್ದು. ವಿಕಾರಾಬಾದಿನಲ್ಲಿ ಗಾಡಿ ಬದಲಿಸಬೇಕು, ತಾಂಡೂರಿನ ಗಾಡಿಗೆ ಎರಡು ತಾಸು ಕಾಯಬೇಕು. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಹನ್ನೊಂದು ಜನ ಗುಂಡಗೆ ಕೂತರು. ನಮ್ಮವರ ಗಂಟು ನಮ್ಮವರ ಬೆನ್ನ ಹಿಂದೆ, ಅವರ ಗಂಟು ಅವರ ಬೆನ್ನ ಹಿಂದೆ. ಶೇಂಗಾ ಚಟ್ನಿಯ ವಾಸನೆ ಆಗಲೇ ಹೊರಗೆ ಬಂದಿತ್ತು.

"ಉಣ್ರಿ, ನಿಮ್ಮದೇನದ ರೊಟ್ಟಿ ಬಿಚ್ರಿ," ಎಂದ ಗೆಳೆಯ, ನಮ್ಮವರಿಗೆ.

ಚಿಕ್ಕಪ್ಪನ ಮಗ ನಾಲಗೆ ಕಚ್ಚಿದ. "ಇವತ್ತ ಸೋಮವಾರ ಅಲ್ಲೇನ್ರಿ? ನಾವು ಒಲ್ಲಿವಿ. ನೀವ್ ಬೇಕಾದ್ರ ಒಂಚೂರು..."

"ತೋಬಾ ತೋಬಾ! ರೋಜಾ ಅದ ನಮದು."

"ನಮಗೂ ನೀರು ಸೈತ ಬ್ಯಾಡ ನೋಡ್ರಿ. ನೀವ್ ಕುಡಿಯಲ್ದ ನಾವ್ ಹ್ಯಾಂಗ ಕುಡಿಯಾಮು?"

ಅಲ್ಲಿಗೆ ಮುಗಿಯಿತು. ಮೊದಲು ಉಪವಾಸ ಎಂದು ಬಾಯಿಬಿಟ್ಟವರು ಯಾರಾದರೇನು, ಒಮ್ಮೆ ಬಾಯಿಂದ ಬಿದ್ದ ಮೇಲೆ ಹಿಂದೆ ತೆಗೆದುಕೊಳ್ಳುವ ಧೈರ್ಯ ಹನ್ನೊಂದು ಜನರಲ್ಲಿ ಒಬ್ಬನಿಗೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಇದಕ್ಕೆ ಮುಲಾಜು ಎನ್ನುತ್ತಾರೆ. ಬಾವಿಗೆ ಬೀಳೆಂದರೂ ಮುಲಾಜಿಗೆ ಬಿದ್ದೇವು, ಎದುರಿನವನ ಮನಸ್ಸು ಮುರಿಯಲಾರೆವು. ಗೆಳೆಯ ಒಮ್ಮೆ ನನ್ನ ಕಡೆ ನೋಡಿದ. ಚಿಕ್ಕಪ್ಪನ ಮಗನೂ ನೋಡಿದ. ಇಬ್ಬರ ನೋಟದಲ್ಲೂ ಒಂದೇ ಮಾತಿತ್ತು: ಹೇಳಬೇಡ.

ನಾನು ಹೇಳಬೇಕಿತ್ತು. "ನಿಮಗೂ ಮಾಫಿ ಇದೆ, ಇವರಿಗೂ ಇದೆ, ಸುಮ್ಮನೆ ಉಣ್ಣಿರಿ ಮಾರಾಯರೇ" ಎಂದು ಒಂದು ಮಾತು. ಹೇಳಿದ್ದರೆ ಆರು ಜನ ಐವರೆದುರು, ಐವರು ಆರು ಜನರೆದುರು ನಾಚುತ್ತಿದ್ದರು. ಒಂದು ಗಳಿಗೆ ನಾಚಿ, ಆಮೇಲೆ ನಕ್ಕು, ಉಣ್ಣುತ್ತಿದ್ದರು. ಊರಿನ ಚಹಾದಂಗಡಿಯಲ್ಲಿ ಕೇಳದಿದ್ದರೂ ನೂರು ಮಾತಾಡುವ ನಾನು ಆ ಬೇವಿನ ಮರದ ಕೆಳಗೆ ಎರಡು ತಾಸು ಬಾಯಿ ಹೊಲಿದುಕೊಂಡು ಕೂತೆ. ಗಂಟುಗಳು ಬಿಚ್ಚದೆ ತಾಂಡೂರಿನ ಗಾಡಿ ಹತ್ತಿದವು.

ಆಟ ಸಂಜೆ ಐದಕ್ಕೆ. ಮಳೆ ನಿಂತು ನಾಲ್ಕು ದಿನವಾಗಿ ಉಸಿರು ಕಟ್ಟುವ ಸೆಕೆ. ಮೈದಾನದ ಮಣ್ಣಿನಲ್ಲಿ ಕಲ್ಲಿನ ಚಕ್ಕೆಗಳು, ನಮ್ಮವರದು ಬರಿಗಾಲು. ನಾನು ಎಡಗಡೆಯ ಸಭ್ಯಸ್ಥನ ಮೇಲೆಯೇ ಕಣ್ಣಿಟ್ಟಿದ್ದೆ. ಸೋಲು ಬರುವುದಾದರೆ ಅವನ ದಾರಿಯಿಂದಲೇ ಎಂದು ತಿಂಗಳಿಂದ ಸಾರಿದ್ದೆನಲ್ಲ. ಆದರೆ ಅಂದು ಅವನೂ ದಾರಿ ಬಿಡಲಿಲ್ಲ. ಬಿದ್ದ, ಎದ್ದ, ಮೊಣಕಾಲು ಸುಲಿದುಕೊಂಡ, ಬಿಡಲಿಲ್ಲ. ಗೆಳೆಯನಂತೂ ಮೊದಲರ್ಧದಲ್ಲಿ ಹಿಡಿದ ಚೆಂಡುಗಳನ್ನು ನೋಡಿ ತಾಂಡೂರಿನವರೇ ಶಾಬಾಸ್ ಎಂದರು. ಖುರ್ಚಿಯಲ್ಲಿ ಕೂತ ಸಾಹೇಬರು ತೊಡೆ ತಟ್ಟಿದರು. ಅರ್ಧ ಆಟಕ್ಕೆ ಎರಡೂ ಕಡೆ ಗೋಲಿಲ್ಲ. ತಾಂಡೂರಿನವರು ಕೊಡಗಟ್ಟಲೆ ನೀರು ಕುಡಿದರು. ನಮ್ಮವರು ನೆಲ ನೋಡುತ್ತ ಕೂತರು.

ಎರಡನೆಯ ಅರ್ಧದಲ್ಲಿ ನಮ್ಮವರ ಕಾಲುಗಳು ಒಂದೊಂದಾಗಿ ಸೋತವು. ಕುದುರೆಯಂಥ ಚಿಕ್ಕಪ್ಪನ ಮಗ ನಡೆಯತೊಡಗಿದ. ಆದರೂ ಹೇಗೋ ಕಾಲ ಕಳೆಯಿತು, ಇನ್ನೇನು ಸೀಟಿ ಊದಬೇಕು. ಆಗ ತಾಂಡೂರಿನ ಒಬ್ಬ ದೂರದಿಂದ, ದಣಿದು, ಬೇರೇನೂ ತೋಚದೆ, ಚೆಂಡನ್ನು ಸುಮ್ಮನೆ ತಳ್ಳಿದ. ನೆಲ ಸವರಿಕೊಂಡು ಬಂದ ಚೆಂಡು ಅದು. ನೇರ ಗೆಳೆಯನ ಕಡೆಗೇ ಬಂತು. ಅವನು ಹಿಡಿಯಲು ಬಗ್ಗಿದ. ಬಗ್ಗಿದವನು ಹಾಗೆಯೇ ಮೊಣಕಾಲೂರಿ, ಕಣ್ಣಿಗೆ ಕತ್ತಲೆ ಬಂದವನಂತೆ ಒಂದು ಕೈ ನೆಲಕ್ಕೆ ಊರಿದ. ಚೆಂಡು ಅವನ ಪಕ್ಕದಿಂದ ಹಾದು ಒಳಗೆ ಹೋಯಿತು. ಸಾಹೇಬರು ಎದ್ದು ಛತ್ರಿ ತೆಗೆದುಕೊಂಡು, ಹಿಂದೆ ನೋಡದೆ ಸ್ಟೇಷನ್ನಿನ ಕಡೆ ನಡೆದರು.

ಹೊತ್ತು ಮುಳುಗಿದ ಮೇಲೆ ಎರಡೂ ಗಂಟು ಬಿಚ್ಚಿದರು. ಒಬ್ಬರ ರೊಟ್ಟಿ ಇನ್ನೊಬ್ಬರು ಕಿತ್ತು ತಿಂದರು. ನಾನು ನನ್ನ ಪಾಲನ್ನು ಗೆಳೆಯನ ಕಡೆ ಸರಿಸಿದೆ.

ಎಂಟೇ ದಿನಕ್ಕೆ ನಾರಾಯಣಖೇಡದ ಗೋಲ್‌ಕೀಪರ್ ಸಾಹೇಬರ ದಫ್ತರಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಮುಂದಿನ ಆಟದಲ್ಲಿ ನಮ್ಮ ಕಡೆಯಿಂದ ಅವನೇ ನಿಂತ, ತನ್ನೂರಿನವರ ವಿರುದ್ಧವೇ. ಒಳ್ಳೆಯ ಆಟಗಾರ, ಸುಳ್ಳು ಹೇಳಲಾರೆ. ನಾವು ಮೂರು ಗೋಲಿನಿಂದ ಗೆದ್ದೆವು. ಈ ವರ್ಷ ನಮ್ಮದೇ ಎಂದು ಊರೆಲ್ಲ ಕುಣಿಯಿತು. ವರ್ಷಗಳಿಂದ ಕಾದ ಗೆಲುವು ಕಣ್ಣೆದುರಿಗಿತ್ತು, ನನಗೆ ಅಳು ಬರುತ್ತಿತ್ತು.

ಆಟ ಇನ್ನೂ ನಡೆದಿರುವಾಗಲೇ ನಾನು ಬಯಲಿನಿಂದ ಹೊರಗೆ ಬಂದಿದ್ದೆ. ರಸ್ತೆಯ ಬದಿಗೆ ಗೆಳೆಯ ಕಾಕಾನ ಟಾಂಗಾ ನಿಲ್ಲಿಸಿಕೊಂಡು, ಆಟದ ಕಡೆ ಬೆನ್ನು ಮಾಡಿ, ಕುದುರೆಗೆ ಹುಲ್ಲು ಹಾಕುತ್ತಿದ್ದ. ಸಾಹೇಬರನ್ನು ಆಟಕ್ಕೆ ಕರೆತಂದವನು ಅವನೇ, ಕರೆದೊಯ್ಯುವವನೂ ಅವನೇ. ಇನ್ನು ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. "ನಮ್ಮವರೂ ಅಯ್ಯನವರ ಕಡಿಂದ ಮಾಫಿ ತಗೊಂಡೇ ಬಂದಿದ್ರು. ನೀವು ಉಣ್ತೀರಂತ ನನಗ ಗೊತ್ತಿತ್ತು, ಅವರು ಉಣ್ತಾರಂತನೂ ಗೊತ್ತಿತ್ತು. ನಾ ಸುಮ್ಮ ಕೂತೆ. ನಿನ್ನ ನೌಕರಿ ನಾ ಕಳದೆ."

ಅವನು ಕುದುರೆಯ ಕುತ್ತಿಗೆ ಸವರಿದ. ಬೈಯುತ್ತಾನೆ ಎಂದು ಕಾದೆ; ಬೈದಿದ್ದರೆ ಚೆನ್ನಾಗಿತ್ತು.

"ಹುಚ್ಚ ಇದ್ದಿ ನೀ," ಎಂದ. "ಹೊಟ್ಟಿ ತುಂಬ ಉಂಡಿದ್ರೂ ಆ ಚೆಂಡು ನನ್ನ ಕೈಯಾಗ ನಿಲ್ತಿರಲಿಲ್ಲ. ಭಾಳ ಜೋರಿತ್ತು."

ತೆವಳುವ ಕೂಸೂ ಹಿಡಿಯಬಹುದಾಗಿದ್ದ ಚೆಂಡು ಅದು.

"ಹೌದು," ಎಂದೆ ನಾನು, "ಭಾಳ ಜೋರಿತ್ತು."