ದನ ಕರೆಯುವ ಪಾಠ

ನಮಗೆ ಪಶುಪಾಲನೆ ಕಲಿಸಿದ ಸರ್ ಮೊದಲ ತರಗತಿಯಲ್ಲಿ ಯಾರ ಹೆಸರನ್ನೂ ಕೇಳಲಿಲ್ಲ. "ನಿಮ್ಮಲ್ಲಿ ದನವನ್ನು ಕರೆಯುದು ಹೇಗೆ?" ಎಂದರು. ನೆಲ್ಯಾಡಿಯ ಮಲಯಾಳಿ ಮನೆಯ ಹುಡುಗ ಮಲಯಾಳದಲ್ಲಿ ಕರೆದ, ನಾನು ತುಳುವಿನಲ್ಲಿ, ಬೀದರಿನವಳು ಅವಳ ಊರಿನ ಹಾಗೆ. ಸರ್ ಕಿವಿಗೆ ಕೈಯಿಟ್ಟು ಕೇಳಿ, ತಾವೂ ಕರೆದು ನೋಡಿ, "ಹೀಗೂ ಉಂಟಾ?" ಎನ್ನುತ್ತಿದ್ದರು. ಮಣಿಪುರದ ಹುಡುಗಿ ಮಾತ್ರ ನಾಚಿ ತಲೆ ತಗ್ಗಿಸಿದಳು. "ಅಡ್ಡಿಯಿಲ್ಲ, ಮತ್ತೆ ಯಾವಾಗಾದರೂ ಹೇಳು" ಎಂದರು ಸರ್.

ಕಾಲೇಜು ಹೊಸತು. ಮಾನ್ಯತೆ ಸಿಗದಿದ್ದರೆ ನಮ್ಮ ಪದವಿಗೆ ಬೆಲೆಯಿಲ್ಲ. ಅದಕ್ಕಾಗಿ ಪರಿಶೀಲನಾ ತಂಡ ಬಂದ ದಿನವೇ ಕೊಟ್ಟಿಗೆಯ ಕಡಸೊಂದು ಹಗ್ಗ ಬಿಡಿಸಿಕೊಂಡು ರಸ್ತೆಯತ್ತ ಓಡಿತು. ನಾವೆಲ್ಲ ನಮ್ಮ ನಮ್ಮ ಭಾಷೆಯಲ್ಲಿ ಕೂಗಿದ್ದಕ್ಕೆ ಇನ್ನೂ ಜೋರಾಗಿ ಓಡಿತು. ಆಗ ಮಣಿಪುರದವಳು ಮುಂದೆ ಹೋಗಿ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಗುನುಗಿದಳು. ಕಡಸು ನಿಂತಿತು. ತಿರುಗಿ ಬಂದು ಅವಳ ಕೈ ಮೂಸಿತು.

ತಂಡದ ಹಿರಿಯರು, "ಇದನ್ನು ಯಾವ ವರ್ಷ ಕಲಿಸ್ತೀರಿ?" ಎಂದು ಕೇಳಿದರು.

"ನಾವು ಕಲಿಸುದಲ್ಲ, ಅವರೇ ಮನೆಯಿಂದ ತರುದು" ಎಂದರು ಸರ್.

ಮಾನ್ಯತೆ ಆಮೇಲೆ ಬಂತು. ತಂಡ ಬಂದ ಆ ಸಂಜೆಯೇ ಕಡಬ ಪೇಟೆಯ ಹೋಟೆಲಿನಲ್ಲಿ, ಸರ್ ಜೊತೆ ನಾವು ಕೂತಿದ್ದ ಮೇಜಿಗೆ ಅವಳು ಮೊದಲ ಸಲ ಬಂದು ಕೂತು, ತನ್ನ ಅಜ್ಜಿಯ ದನಗಳ ಕಥೆ ಹೇಳತೊಡಗಿದಳು. ಸರ್ ಎದುರಿನ ಚಹಾ ಆರಿ ಕೆನೆ ಕಟ್ಟಿತು. ಅವರು ಕೇಳುತ್ತಲೇ ಇದ್ದರು.