ಪ್ರಿಂಟರಿಗೆ ಮೂರು ಬೆರಳು ವಿಭೂತಿ

ಫ್ಲೆಕ್ಸ್ ಮಷೀನು ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಕಪಿಲೆಯ ಈ ದಡದಲ್ಲೂ ಇರಲಿಲ್ಲ, ಆ ದಡದಲ್ಲೂ ಇರಲಿಲ್ಲ. ನಂಬದಿದ್ದರೆ ನಂಜನಗೂಡಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಮಾದಪ್ಪನವರನ್ನು ಕೇಳಿ.

ಅವರ ದೊಡ್ಡ ಪ್ರಿಂಟರು ಮಗಳ ಮದುವೆಯ ಹಿಂದಿನ ದಿನವೇ ಕೈಕೊಟ್ಟಿತ್ತು. ಇಂಕಿನ ಹೆಡ್ಡು ಸರ್ರನೆ ಓಡಿ, ತುದಿಗೆ ಡಿಕ್ಕಿ ಹೊಡೆದು ನಿಲ್ಲುತ್ತಿತ್ತು.

"ಒಳಗಿನ ಬೋರ್ಡು ಸುಟ್ಟೋಗದೆ ಅಂತ ಕಂಪ್ನಿಯೋರು ಫೋನಲ್ಲೇ ಅಂದ್ಬುಟ್ರು ಸಾ. ಸಂಜೆಗೆ ನರಸೀಪುರದಿಂದ ಬೀಗ್ರು ಬತ್ತಾರೆ. ಊರಿಗೆಲ್ಲ ಫ್ಲೆಕ್ಸ್ ಆಕ್ದೋನು ಮಗಳ ಮದ್ವೇಗೇ ಆಕ್ನಿಲ್ವಲ್ಲ ಅಂತ ನಗಾಡ್ತಾರೆ!"

ಮುಚ್ಚಳ ತೆಗೆದು ನೋಡಿದೆ. ದೀಪಗಳೆಲ್ಲ ಉರಿಯುತ್ತಿದ್ದವು, ಬೋರ್ಡು ನನಗಿಂತ ಗಟ್ಟಿಯಾಗಿತ್ತು. ಆಮೇಲೆ ಹೆಡ್ಡಿನ ದಾರಿಯುದ್ದಕ್ಕೂ ಬಿಗಿದಿರುವ ಪ್ಲಾಸ್ಟಿಕ್ ಪಟ್ಟಿಯ ಕಡೆ ಕಣ್ಣು ಹೋಯಿತು. ಅದರ ಮೇಲಿನ ಸಣ್ಣ ಗೆರೆಗಳನ್ನು ಓದಿಯೇ ಹೆಡ್ಡು ಎಲ್ಲಿದೆ ಅನ್ನುವುದು ಬೋರ್ಡಿಗೆ ತಿಳಿಯುವುದು. ಆ ಗೆರೆಗಳ ಮೇಲೆ ಮೂರು ಬೆರಳಿನಲ್ಲಿ ಎಳೆದ ವಿಭೂತಿ!

"ಇದ್ಯಾರ ಕೆಲಸ?"

"ನಾನೇ ಸಾ. ಮದ್ವೆ ಕೆಲ್ಸ ಸುಸೂತ್ರ ಆಗ್ಲಿ ಅಂತ ನೆನ್ನೆ ಪೂಜೆ ಮಾಡ್ದೆ."

ಕರೆಂಟು ಆರಿಸಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಮತ್ತೆ ಸ್ವಿಚ್ಚು ಹಾಕಿದರೆ, ಹೆಡ್ಡು ಹೊಸ ಅಳಿಯನ ಗತ್ತಿನಲ್ಲಿ ಓಡಾಡಿತು. ಬೀಗರು ಬಸ್ಸಿಳಿಯುವ ಹೊತ್ತಿಗೆ ಛತ್ರದ ಬಾಗಿಲ ಫ್ಲೆಕ್ಸಿನಲ್ಲಿ ಗಂಡು ಹೆಣ್ಣು ಆಳೆತ್ತರಕ್ಕೆ ನಗುತ್ತಿದ್ದರು.

"ಇನ್ಮೇಲೆ ವಿಭೂತಿ ಎಲ್ಲಿಗಿಡಾದು ಸಾ?" ಎಂದರು ಮಾದಪ್ಪ.

"ನನ್ನ ಹಣೆಗಿಡಿ," ಎಂದೆ, ಗೆದ್ದ ಹುಮ್ಮಸ್ಸಿನಲ್ಲಿ.

ಅವರು ನಿಜಕ್ಕೂ ಅದೇ ಮಷೀನಿನಲ್ಲಿ ನನ್ನ ಫೋಟೊ ಪ್ರಿಂಟ್ ಹಾಕಿ, ಗೋಡೆಗೆ ತೂಗುಹಾಕಿ, ದಿನಾ ವಿಭೂತಿ ಇಟ್ಟು ಹಾರ ಹಾಕುತ್ತಾರೆ. ಬಂದ ಗಿರಾಕಿಗಳು ಮಾತ್ರ, "ಅಯ್ಯೋ ಪಾಪ, ಯಾವಾಗ ತೀರ್ಕೊಂಡ್ರು?" ಅಂತ ಕೇಳುತ್ತಾರಂತೆ.