ಬಿ ಲೀಗಿನ ಫ್ಲೆಕ್ಸ್

ಗೆಳೆಯರೇ, ಫುಟ್‌ಬಾಲ್ ಬಂತೆಂದರೆ ನಮ್ಮ ಮೊಗ್ರಾಲಿನ ಹೆದ್ದಾರಿ ತುಂಬ ಬ್ರೆಜಿಲ್, ಅರ್ಜೆಂಟೀನಾಗಳ ಫ್ಲೆಕ್ಸ್. ಇಂದು ಅಪ್ಪ ಏಣಿ ಹತ್ತಿ ಐರ್ಲೆಂಡಿನದ್ದೊಂದು ಕಟ್ಟುತ್ತಿದ್ದರು. ಅಕ್ಕ ಅಲ್ಲಿ ನರ್ಸ್, ಹಾಗಾಗಿ ಅದು ನಮ್ಮದೇ ಟೀಮು.

ಹೊಸಂಗಡಿಯ ಅತ್ತೆಯ ಮಗ, ನಮ್ಮ ಭಾವ, ಬ್ರೆಜಿಲಿನ ಹಳದಿ ಅಂಗಿಯಲ್ಲಿ ಬಸ್ಸಿಳಿದು ಬಂದವನೇ ನಕ್ಕುಬಿಟ್ಟ.

"ಇದೆಂತ ಮಾವ? ಯುರೋಪಿನ ನೇಷನ್ಸ್ ಲೀಗಿನಲ್ಲಿ ಅವರು ಬಿ ಲೀಗಿನವರು. ಎರಡನೇ ದರ್ಜೆಗೂ ಫ್ಲೆಕ್ಸಾ?"

ಅಪ್ಪ ಹಗ್ಗ ಬಿಗಿಯುತ್ತಲೇ ಹೇಳಿದರು: "ಎ ಲೀಗಿನವರಿಗೆ ಕೆಳಗೆ ಬೀಳುವ ಹೆದರಿಕೆ ಮಾತ್ರ. ನಮ್ಮವರಿಗೆ ಗೆದ್ದರೆ ಮೇಲೆ ಹೋಗ್ಲಿಕ್ಕುಂಟು. ನೀನು ಮೊದಲು ಏಣಿ ಹಿಡಿ ಮಾರಾಯ, ಬಿದ್ದರೆ ನಾನು ಸೀದಾ ಸಿ ಲೀಗಿಗೆ!"

ಭಾವ ಎರಡೂ ಕೈಯಲ್ಲಿ ಏಣಿ ಹಿಡಿದ. ಫೋಟೋ ತೆಗೆದು ಅಕ್ಕನಿಗೆ ಕಳುಹಿಸಿದೆ. ಐರ್ಲೆಂಡ್ ಮೇಲೇರಲು ಬ್ರೆಜಿಲ್ ಏಣಿ ಹಿಡಿಯುವುದು ಮೊಗ್ರಾಲಿನಲ್ಲಿ ಮಾತ್ರ.